ಎಕ್ಕೆ ಗಿಡದ ಮಿಡತೆ, ಹವಳದ ದಿಬ್ಬದ ಹುಳು

ಕಳೆದ ಸಂಚಿಕೆಯ ಕೊನೆ ಪುಟದಲ್ಲಿ ಒಂದು ಫೋಟೊ ಹಾಕಿ "ಇದೇನು ಹೇಳಿ?" ಅಂತ ಕೇಳಿದ್ದೆ. ಕಪ್ಪು ಮೈ, ಮೈ ಉದ್ದಕ್ಕೂ ಬೂದು ನೀಲಿಯ ದಿಂಡುಗಳು, ದಿಂಡಿನ ಮೇಲೆ ಸಾಲಾಗಿ ಹಳದಿ ಗುಬುಟು, ಮುಂದೆ ಎರಡು ಪುಟ್ಟ ಹಳದಿ ಕೊಂಬು. ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಕಂಬಳಿಹುಳು ಅಂದವರೇ ಜಾಸ್ತಿ. ಆಳಂದದ ಒಬ್ಬರು "ಸುಟ್ಟ ಹೋಳಿಗಿ ಮ್ಯಾಲ ಬೂಂದಿ ಉದುರಿಸ್ಯಾರ" ಅಂತ ಬರೆದರು, ಅವರಿಗೆ ಬಹುಮಾನ ಇಲ್ಲ, ನಮಸ್ಕಾರ ಇದೆ. ಬೀದರಿನ ಅಕ್ಕ ಒಬ್ಬರು ಬಿದರಿ ಕೆಲಸದ ಪೆಟ್ಟಿಗೆಯ ಮುಚ್ಚಳ ಇರಬೇಕು ಅಂದರು. ಅದನ್ನು ಓದಿದ ಮೇಲೆ ಫೋಟೊ ಇನ್ನೊಮ್ಮೆ ನೋಡಿದೆ. ನಿಜ, ಆ ಕಪ್ಪಿನ ಮೇಲೆ ಬೆಳ್ಳಿ ತಂತಿ ಕೂರಿಸಿದ ಹಾಗೇ ಇದೆ. ಸರಿ ಉತ್ತರ ಬರೆದವರು ಮೂವರು. ಅವರಿಗಿಂತ ತಪ್ಪು ಬರೆದವರ ಪ್ರಶ್ನೆಗಳೇ ಚೆನ್ನಾಗಿದ್ದವು, ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ.

ಇದು ನಿಜವಾದ ಪ್ರಾಣಿಯಾ? ನನ್ನ ಮಗ ಏಳನೇ ಕ್ಲಾಸು. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಅಂತ ಹಠ ಹಿಡಿದಿದ್ದಾನೆ. ಈಗ ಎಲ್ಲದಕ್ಕೂ ಹಂಗೇ ಅಂತಾನೆ.
— ಗೃಹಿಣಿ, ಶಹಾಪುರ

ಅಕ್ಕಾರೆ, ನಿಮ್ಮ ಮಗನ ಅನುಮಾನ ತಪ್ಪಲ್ಲ, ಈಗಿನ ಕಾಲಕ್ಕೆ ಅದು ಇರಬೇಕಾದದ್ದೇ. ಆದರೆ ಈ ಸಲ ಅವನು ಸೋತ. ಇದು ನಿಜವಾದ ಪ್ರಾಣಿ, ಹೆಸರು ಫಿಲಿಡಿಯಾ ವ್ಯಾರಿಕೋಸಾ. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೇ 1797ರಲ್ಲಿ ಫಿಲಿಡಿಯಾ ಅನ್ನೋ ಕುಲದ ಹೆಸರು ಕೊಟ್ಟ. ಅದೇ ದೇಶದ ಲಮಾರ್ಕ್ 1801ರಲ್ಲಿ ಈ ಜಾತಿಗೆ ವ್ಯಾರಿಕೋಸಾ ಅಂತ ಹೆಸರಿಟ್ಟ. ವ್ಯಾರಿಕೋಸಾ ಅಂದರೆ ಉಬ್ಬಿದ ನರದಂಥದ್ದು. ತಾಸುಗಟ್ಟಲೆ ನಿಂತು ಕೆಲಸ ಮಾಡುವವರ ಕಾಲಿನಲ್ಲಿ ವೆರಿಕೋಸ್ ಅಂತ ನೀಲಿ ನರ ಎದ್ದು ಕಾಣುತ್ತವಲ್ಲ, ಅದೇ ಮಾತು. ಮೈಮೇಲಿನ ದಿಂಡು ನೋಡಿ ಹೇಳಿದ್ದಾನೆ, ಅಷ್ಟೇ.

ನಮ್ಮ ಬಸವನಹುಳುವಿನ ದೂರದ ದಾಯಾದಿ ಇದು. ಚಿಪ್ಪಿಲ್ಲ. ಮಳೆ ಬಂದಾಗ ಬಚ್ಚಲ ಗೋಡೆ ಮೇಲೆ ಅಂಟು ಬಿಟ್ಟುಕೊಂಡು ಹರಿಯುವ ಚಿಪ್ಪಿಲ್ಲದ ಹುಳು ನೋಡಿದ್ದೀರಿ, ಅಲ್ವಾ? ಅದೇ ರೀತಿ ಅಡಿಯಲ್ಲಿ ಒಂದು ಅಗಲದ ಪಾದ, ಅದರ ಮೇಲೆ ತೆವಳುತ್ತದೆ. ಉದ್ದ ಒಂದು ಬೆರಳಿನಷ್ಟು, ದೊಡ್ಡವು 11 ಸೆಂಟಿಮೀಟರಿನವರೆಗೂ ಬೆಳೆಯುತ್ತವೆ. ಕೆಂಪು ಸಮುದ್ರದಿಂದ ಹಿಡಿದು ನಮ್ಮ ಲಕ್ಷದ್ವೀಪ, ಅಂಡಮಾನ್ ದಾಟಿ ಪೆಸಿಫಿಕ್ಕಿನ ಹವಾಯಿವರೆಗೆ ಬೆಚ್ಚಗಿನ ನೀರಿನ ಹವಳದ ದಿಬ್ಬಗಳಲ್ಲಿ ಇರುತ್ತದೆ. ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಇಲ್ಲ, ಹಗಲು ಹೊತ್ತಿನಲ್ಲೇ ಬಂಡೆ ಮೇಲೆ ಎಲ್ಲರಿಗೂ ಕಾಣುವ ಹಾಗೆ ಓಡಾಡುತ್ತದೆ. ಓಡಾಡುತ್ತದೆ ಅನ್ನೋದು ಸ್ವಲ್ಪ ಜಾಸ್ತಿ ಆಯಿತು. ಗೋಡೆ ಗಡಿಯಾರದ ಚಿಕ್ಕ ಮುಳ್ಳಿಗಿಂತ ಚುರುಕು, ಅಷ್ಟು ಹೇಳಬಹುದು.

ಇಷ್ಟು ಬಣ್ಣ ಬಳಿದುಕೊಂಡು, ಚಿಪ್ಪೂ ಇಲ್ಲದೆ, ಓಡೋಕೂ ಆಗದೆ ಹಗಲಲ್ಲಿ ಹೊರಗೆ ಇದ್ದರೆ ಮೀನುಗಳು ತಿಂದು ಹಾಕಲ್ವಾ ಸರ್?
— ಪದವಿ ವಿದ್ಯಾರ್ಥಿ, ಕಲಬುರಗಿ

ಈ ಪ್ರಶ್ನೆಗೆ ಸಮುದ್ರಕ್ಕೆ ಹೋಗೋದೇ ಬೇಡ ತಮ್ಮಾ. ನಿಮ್ಮ ಕಾಲೇಜಿನ ಹಿಂದೆ ಖಾಲಿ ಪ್ಲಾಟ್ ಇದ್ದರೆ ಅಲ್ಲಿ ಎಕ್ಕೆ ಗಿಡ ಇದ್ದೇ ಇರುತ್ತದೆ. ಶನಿವಾರ ಹನುಮಪ್ಪನ ಹಾರಕ್ಕೆ ಎಲೆ ಕೀಳುತ್ತಾರಲ್ಲ, ಅದೇ ಎಕ್ಕೆ. ಮಳೆಗಾಲದಲ್ಲಿ ಹೋಗಿ ಎಲೆ ತಿರುಗಿಸಿ ನೋಡಿ. ಒಂದು ಮಿಡತೆ ಸಿಗುತ್ತದೆ. ಬೆಳೆದದ್ದಾದರೆ ಹಳದಿ ಮೈಮೇಲೆ ನೀಲಿ ಪಟ್ಟೆ, ಮರಿಯಾದರೆ ತಿಳಿ ಹಳದಿ ಮೈಮೇಲೆ ಕರಿ ಗೀಟು, ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ. ಯಾರೋ ಕೂತು ಬ್ರಷ್‌ನಲ್ಲಿ ಬರೆದ ಹಾಗೆ. ಬೇರೆ ಮಿಡತೆಗಳು ಕೈ ಚಾಚುವಷ್ಟರಲ್ಲಿ ಹಾರಿ ಹೋಗುತ್ತವೆ. ಇದು ಹೋಗಲ್ಲ. ಸುಮ್ನೆ ಕೂತಿರುತ್ತದೆ, ಏನು ಮಾಡ್ತೀಯೋ ಮಾಡು ಅನ್ನೋ ಹಾಗೆ.

ನಾನು ಎಂಟು ಒಂಬತ್ತು ವರ್ಷದವನಿದ್ದಾಗ ಏನು ಮಾಡಿದೆ ಅಂದರೆ, ಅಂಥದೊಂದು ಮರಿಯನ್ನು ಎರಡು ಬೆರಳಲ್ಲಿ ಹಿಡಿದು ಮುಖದ ಹತ್ತಿರ ತಂದು ನೋಡಿದೆ. ಪಿಚಕ್ಕನೆ ಒಂದು ಸಣ್ಣ ಪಿಚಕಾರಿ ಹೊಡೆಯಿತು. ಕೆಳಗಿನ ತುಟಿ ಮೇಲೆ ಬಿತ್ತು, ಕಣ್ಣಿಗೆ ಬೀಳಲಿಲ್ಲ ಅನ್ನೋದು ನನ್ನ ಪುಣ್ಯ. ಆ ಕಹಿ! ಮನೆಗೆ ಓಡಿ ಬಂದು ಉಪ್ಪು ಹಾಕಿ ಉಜ್ಜಿದರೂ ಹೋಗಲಿಲ್ಲ, ರಾತ್ರಿ ರೊಟ್ಟಿ ಜೊತೆ ಶೇಂಗಾ ಹಿಂಡಿ ಕೂಡ ಕಹಿ ಅನ್ನಿಸಿತು. ಅವ್ವ ಬೈದಳು, ಮಿಡತೆಗಲ್ಲ, ನನಗೆ. ಅಂದಿನಿಂದ ಹಳದಿ ನೀಲಿ ಇರುವ ಯಾವ ಹುಳುವನ್ನೂ ನಾನು ಮುಟ್ಟಿಲ್ಲ. ಒಂದೇ ಒಂದು ಸಲದ ಪಾಠ, ಐವತ್ತು ವರ್ಷಕ್ಕೆ ಸಾಕಾಯಿತು.

ನಿಮ್ಮ ಉತ್ತರ ಇಲ್ಲೇ ಇದೆ. ಎಕ್ಕೆಯ ಹಾಲಿನಲ್ಲಿ ಹೃದಯಕ್ಕೇ ಏಟು ಕೊಡುವಂಥ ವಿಷ ಇದೆ, ದನ ಮೇಕೆ ಅದಕ್ಕೇ ಸಾಮಾನ್ಯವಾಗಿ ಬಾಯಿ ಹಾಕಲ್ಲ. ಈ ಮಿಡತೆ ಅದನ್ನೇ ತಿಂದು ವಿಷವನ್ನು ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಬಣ್ಣದ ಬೋರ್ಡು ಹಾಕಿಕೊಂಡು ಕೂರುತ್ತದೆ. ಬೋರ್ಡು ಇಲ್ಲದೇ ಹೋಗಿದ್ದರೆ ಪ್ರತಿ ಹಕ್ಕಿಯೂ ಪ್ರತಿ ಸಲವೂ ಕುಕ್ಕಿ ನೋಡಿಯೇ ಉಗುಳಬೇಕಿತ್ತು, ಅಷ್ಟರಲ್ಲಿ ಮಿಡತೆಯ ಕಥೆ ಮುಗಿದಿರುತ್ತಿತ್ತು. ಬಣ್ಣ ಇರುವುದರಿಂದ ಹಕ್ಕಿಗೆ ನೆನಪಿರುತ್ತದೆ.

ಫಿಲಿಡಿಯಾ ಮಾಡುವುದೂ ಇದೇ ಕೆಲಸ, ಎಕ್ಕೆಯ ಬದಲು ಸ್ಪಂಜು. ಸ್ಪಂಜು ಅಂದರೆ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ಕಿನದಲ್ಲ, ಸಮುದ್ರದ ಬಂಡೆಗೆ ಅಂಟಿಕೊಂಡು ಬದುಕುವ ಪ್ರಾಣಿ. ಓಡಲಾರದು, ಕಚ್ಚಲಾರದು, ಹಾಗಾಗಿ ಮೈತುಂಬ ವಿಷ ತುಂಬಿಕೊಂಡಿರುತ್ತದೆ. ಕೆಲವಕ್ಕೆ ಗಾಜಿನಂಥ ಸೂಜಿಗಳೂ ಇರುತ್ತವೆ. ಹೆಚ್ಚಿನ ಜೀವಿಗಳು ಅದರ ಸುದ್ದಿಗೆ ಹೋಗಲ್ಲ. ಫಿಲಿಡಿಯಾ ಹೋಗುತ್ತದೆ. ಅದೂ ಹಲ್ಲಿಲ್ಲದ ಬಾಯಲ್ಲಿ! ಬೇರೆ ಬಸವನಹುಳುಗಳಿಗೆ ಅರದಂಥ ನಾಲಿಗೆ ಇರುತ್ತದೆ, ಕೆರೆದು ತಿನ್ನುತ್ತವೆ. ಇದಕ್ಕೆ ಅದೂ ಇಲ್ಲ. ಸ್ಪಂಜಿನ ಮೇಲೆ ಬಾಯಿ ಊರಿ, ಕರಗಿಸುವ ರಸ ಬಿಟ್ಟು, ಕರಗಿದ್ದನ್ನು ಹೀರುತ್ತದೆ. ಹಲ್ಲು ಹೋದ ಅಜ್ಜ ರೊಟ್ಟಿಯನ್ನು ಬಿಸಿ ಬೇಳೆಯಲ್ಲಿ ನೆನೆಸಿ ಉಣ್ಣುತ್ತಾನಲ್ಲ, ಹೆಚ್ಚು ಕಡಿಮೆ ಹಾಗೆ. ಸ್ಪಂಜಿನ ವಿಷ ಇದಕ್ಕೆ ನಾಟುವುದಿಲ್ಲ, ಚರ್ಮಕ್ಕೆ ಹೋಗಿ ಜಮೆಯಾಗುತ್ತದೆ. ಯಾರಾದರೂ ತಡವಿದರೆ ಲೋಳೆಯ ಜೊತೆ ಹೊರಗೆ ಬರುತ್ತದೆ, ಕೆಟ್ಟ ವಾಸನೆಯೊಂದಿಗೆ. ಫೋಟೊ ನೋಡಿ "ಎಷ್ಟು ಮುದ್ದಾಗಿದೆ" ಅಂತ ಬರೆದ ಹನ್ನೊಂದು ಜನರಿಗೆ ಇದನ್ನು ಹೇಳಲೇಬೇಕಿತ್ತು.

ಅದರ ವಿಷದ ಹೆಸರು ಸಯನೈಡ್ ಅಂತ ಎಲ್ಲೋ ಓದಿದೆ. ನಮ್ಮ ಅಂಗಡಿಯಲ್ಲಿ ಒಂದು ಕಾಲಕ್ಕೆ ಬಂಗಾರದ ಮೆರುಗಿಗೆ ಬಳಸುತ್ತಿದ್ದ ಅದೇ ಸಯನೈಡಾ?
— ಅಕ್ಕಸಾಲಿಗರು, ಯಾದಗಿರಿ

ಅದೇ ಅಲ್ಲ, ಹೆಸರಿನಲ್ಲಿ ನಂಟಸ್ತಿಕೆ ಇದೆ. ನಿಮ್ಮಲ್ಲಿದ್ದದ್ದು ಉಪ್ಪಿನ ಹಾಗೆ ಹರಳಾಗಿರುವ ಪೊಟ್ಯಾಸಿಯಂ ಸಯನೈಡ್. ಹುಳುವಿನದು ಐಸೊಸಯನೈಡ್. ಇದರಲ್ಲೂ ಇಂಗಾಲ, ಸಾರಜನಕದ ಜೋಡಿ ಇರುತ್ತದೆ, ಆದರೆ ದೊಡ್ಡದೊಂದು ಇಂಗಾಲದ ಪಂಜರಕ್ಕೆ ಸಾರಜನಕದ ಕಡೆಯಿಂದ ಅಂಟಿಕೊಂಡಿರುತ್ತದೆ. ಅಷ್ಟರಿಂದಲೇ ಗುಣ ಪೂರ್ತಿ ಬೇರೆ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಇದ್ದವರನ್ನು ಕೇಳಿ, ಸಣ್ಣ ಐಸೊಸಯನೈಡುಗಳ ನಾತದ ಬಗ್ಗೆ ಕಥೆ ಹೇಳುತ್ತಾರೆ.

ಇದನ್ನು ಕಂಡುಹಿಡಿದ ರೀತಿ ನನಗೆ ಬಹಳ ಇಷ್ಟ. 1963ರಲ್ಲಿ ಜೋಹಾನ್ಸ್ ಅನ್ನೋ ಜೀವವಿಜ್ಞಾನಿ ಹವಾಯಿಯ ಈ ಹುಳು ಬಿಡುವ ಲೋಳೆ ಮೀನು, ಸೀಗಡಿ, ಏಡಿ ಜಾತಿಗಳನ್ನು ಕೊಲ್ಲುತ್ತದೆ ಅಂತ ಬರೆದ. ಒಂದೇ ತೊಟ್ಟಿಯಲ್ಲಿ ಜೊತೆಗಿಟ್ಟರೆ ಮಿಕ್ಕವು ಸಾಯುತ್ತವೆ. ಹುಳು ಮುಟ್ಟಬೇಕಂತಲೂ ಇಲ್ಲ, ನೀರಿಗೆ ಇಳಿದರೆ ಸಾಕು. ಆದರೆ ವಿಷ ಏನು? ಹವಾಯಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಪಾಲ್ ಶೋಯರ್ ಮತ್ತು ಜೊತೆಯವರು ಅದರ ಹಿಂದೆ ಬಿದ್ದರು. ಒಂದು ಹುಳುವಿನಿಂದ ಸಿಗುವುದು ಎಷ್ಟು, ಚಿಟಿಕೆಯಷ್ಟೂ ಇಲ್ಲ. ಕೊನೆಗೆ ಒವಾಹು ದ್ವೀಪದ ಪುಪುಕೆಯಾ ಅನ್ನೋ ಕಡೆ ಈ ಹುಳು ಒಂದು ಸ್ಪಂಜಿಗೆ ಬಾಯಿ ಹಚ್ಚಿದ್ದು ಕಂಡಿತು. ಸ್ಪಂಜನ್ನು ತಂದು ಪರೀಕ್ಷೆ ಮಾಡಿದರೆ ಅದೇ ವಸ್ತು, ಬೇಕಾದಷ್ಟು! 1975ರಲ್ಲಿ ಅದರ ರಚನೆ ಪ್ರಕಟಿಸಿದರು, ಆ ಊರಿನ ಹೆಸರನ್ನೇ ಇಟ್ಟರು: 9-ಐಸೊಸಯನೊಪುಪುಕೆಯನೇನ್. ಬಾಯಲ್ಲಿ ನಿಲ್ಲಲ್ಲ ಗೊತ್ತು. ಆದರೂ ಒಂದು ಊರಿನ ಹೆಸರು ವಿಷದ ಒಳಗೆ ಹೀಗೆ ಕೂತಿದೆ ಅನ್ನೋದು ಮಜಾ ಅಲ್ವಾ?

ಇದೇ ಬಗೆಯ ಸಮುದ್ರದ ಐಸೊಸಯನೈಡುಗಳನ್ನು ಮಲೇರಿಯಾ ರೋಗಾಣುವಿನ ಮೇಲೂ ಪರೀಕ್ಷಿಸಿದ್ದಾರೆ. ಹಡಗಿನ ತಳಕ್ಕೆ ಅಂಟುವ ಚಿಪ್ಪುಜೀವಿಗಳನ್ನು ತಡೆಯಲು ಬಣ್ಣದಲ್ಲಿ ಬಳಸಬಹುದಾ ಅಂತಲೂ ನೋಡಿದ್ದಾರೆ.

ಮನೆಯಲ್ಲಿ ಅಕ್ವೇರಿಯಂ ಇದೆ. ಇದನ್ನು ತರಿಸಿಕೊಳ್ಳಬಹುದಾ? ಎಷ್ಟಾಗಬಹುದು?
— ಕಲಬುರಗಿಯಿಂದ ಒಬ್ಬರು

ದಯವಿಟ್ಟು ಬೇಡ. ಮೊದಲನೆಯದಾಗಿ ನಿಮ್ಮದು ಸಿಹಿನೀರಿನ ತೊಟ್ಟಿ ಅಂತ ಕಾಣುತ್ತದೆ, ಗೋಲ್ಡ್‌ಫಿಶ್ ಇದೆ ಅಂತ ಬರೆದಿದ್ದೀರಿ. ಉಪ್ಪುನೀರಿನದೇ ಇದ್ದರೂ ಇದಕ್ಕೆ ಬೇಕಾದ ಸ್ಪಂಜನ್ನು ನೀವು ದಿನಾ ಎಲ್ಲಿಂದ ತರುತ್ತೀರಿ? ಉಪವಾಸ ಬಿದ್ದು ಸಾಯುತ್ತದೆ. ಸಾಯುವ ಮೊದಲು ಗಾಬರಿಯಲ್ಲಿ ಲೋಳೆ ಬಿಟ್ಟರೆ ನಿಮ್ಮ ಮಿಕ್ಕ ಮೀನುಗಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಕಾಸು ಕೊಟ್ಟು ಇಂಥ ಕೆಲಸ ಯಾಕೆ ರೀ?

ನನ್ನ ತಮ್ಮ ಅಂಡಮಾನಿಗೆ ಹೋಗಿ ನೀರಿನಲ್ಲಿ ಮುಳುಗಿ ನೋಡಿ ಬಂದಿದ್ದಾನೆ. ನಿಮ್ಮ ಫೋಟೊ ತೋರಿಸಿದರೆ "ಇಂಥವು ನಾಕೈದು ಥರ ನೋಡೀನಿ" ಅಂದ. ಬುರುಡೆ ಬಿಡುತ್ತಿದ್ದಾನಾ?
— ಶಿಕ್ಷಕಿ, ಬಸವಕಲ್ಯಾಣ

ಇಲ್ಲ ಟೀಚರ್, ತಮ್ಮನನ್ನು ನಂಬಿ. ಇದಕ್ಕೆ ಅಣ್ಣತಮ್ಮಂದಿರು ಬಹಳ. ಎಲ್ಲವೂ ಕಪ್ಪು, ನೀಲಿ, ಹಳದಿ, ಗುಲಾಬಿಯಲ್ಲೇ ಆಟ. ವ್ಯಾರಿಕೋಸಾವನ್ನು ಗುರುತಿಸುವ ಒಂದು ಉಪಾಯ ಇದೆ: ಅಡಿಮೇಲು ಮಾಡಿದರೆ ಪಾದದ ನಡುವೆ ಉದ್ದಕ್ಕೆ ಒಂದು ಕಪ್ಪು ಗೆರೆ ಕಾಣುತ್ತದೆ. ಬಹಳ ಹೋಲುವ ಇನ್ನೊಂದು ಜಾತಿ ಸೆಲೆಸ್ಟಿಸ್, ಅದಕ್ಕೆ ಆ ಗೆರೆ ಇಲ್ಲ. ಅಡಿಮೇಲು ಮಾಡಿ ಅಂತ ನಾನು ಹೇಳಿದ್ದು ತಮ್ಮನಿಗೆ ಹೇಳಬೇಡಿ, ಅಲ್ಲಿ ಯಾವುದನ್ನೂ ಮುಟ್ಟದೇ ಬರುವುದೇ ಸರಿ.

ಹಾಗೇ ಇನ್ನೊಂದು. ಅವನು ನೋಡಿದ ನಾಕೈದರಲ್ಲಿ ಒಂದೆರಡು ಹುಳುವೇ ಆಗಿರಲಿಕ್ಕಿಲ್ಲ. ಹವಳದ ದಿಬ್ಬದಲ್ಲಿ ಸಮುದ್ರ ಸೌತೆ ಅಂತ ಒಂದು ಪ್ರಾಣಿ ಇದೆ, ನಕ್ಷತ್ರಮೀನಿನ ಕಡೆಯದು, ಬಸವನಹುಳುವಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಅದರ ಒಂದು ಜಾತಿಯ ಮರಿಗಳು ಥೇಟ್ ಫಿಲಿಡಿಯಾದ ಹಾಗೇ ಕಾಣುತ್ತವೆ. ಅದೇ ಕಪ್ಪು ಗೆರೆ, ಅದೇ ಹಳದಿ ಗುಬುಟು. ಬೆಳೆದು ದೊಡ್ಡದಾದ ಮೇಲೆ ವೇಷ ಕಳಚುತ್ತವೆ, ಆಗ ಗಾತ್ರವೇ ಕಾಯುತ್ತದೆ. ಚಪ್ಪಟೆ ಹುಳುಗಳಲ್ಲೂ ಹೀಗೆ ಇದರ ಕುಟುಂಬದ ವೇಷ ಹಾಕುವವು ಇವೆ. ನಮ್ಮಲ್ಲಿ ಪೊಲೀಸ್ ಅಂತ ಬರೆಸಿದ ಬೈಕು ಓಡಿಸುವವರೆಲ್ಲ ಪೊಲೀಸರಾ? ನಾಲ್ಕು ಜನ ಅಸಲಿ ಇದ್ದರೆ ಒಬ್ಬ ನಕಲಿಯದೂ ನಡೆಯುತ್ತದೆ. ನಕಲಿಯೇ ಜಾಸ್ತಿಯಾದರೆ ಮೀನುಗಳಿಗೆ ಹೆದರಿಕೆ ಹೋಗಿಬಿಡುತ್ತದೆ.

ಗಂಡು ಯಾವುದು, ಹೆಣ್ಣು ಯಾವುದು?
— ಹುಮನಾಬಾದ್

ಪ್ರತಿಯೊಂದೂ ಎರಡೂ. ಇಬ್ಬರು ಸಿಕ್ಕಾಗ ಬಲ ಮಗ್ಗುಲಿಗೆ ಬಲ ಮಗ್ಗುಲು ತಾಗಿಸಿಕೊಂಡು, ಮುಖ ಒಂದೊಂದು ದಿಕ್ಕಿಗೆ ಮಾಡಿಕೊಂಡು ನಿಲ್ಲುತ್ತವೆ. ಇಬ್ಬರೂ ಕೊಡುತ್ತಾರೆ, ಇಬ್ಬರೂ ಪಡೆಯುತ್ತಾರೆ. ಆಮೇಲೆ ಮೊಟ್ಟೆಗಳನ್ನು ಪಟ್ಟಿಯ ಹಾಗೆ ಸುರುಳಿ ಸುತ್ತಿ ಬಂಡೆಗೆ ಅಂಟಿಸುತ್ತವೆ. ಮೊಟ್ಟೆಯೊಡೆದ ಮರಿಗೆ ಪುಟಾಣಿ ಚಿಪ್ಪು ಇರುತ್ತದೆ! ಅಜ್ಜ ಮುತ್ತಜ್ಜರ ಕಾಲದ ಚಿಪ್ಪು. ಸ್ವಲ್ಪ ದಿನ ನೀರಿನಲ್ಲಿ ತೇಲಾಡಿ, ತಳಕ್ಕೆ ಇಳಿದು ರೂಪ ಬದಲಿಸುವಾಗ ಅದನ್ನು ಬಿಟ್ಟುಬಿಡುತ್ತದೆ.

ಉಸಿರು ಎಲ್ಲಿಂದ ಆಡುತ್ತದೆ? ಮೀನಿನ ಹಾಗೆ ಕಿವಿರು ಕಾಣಲೇ ಇಲ್ಲ.
— ಚಿತ್ತಾಪುರ

ಚೆನ್ನಾಗಿ ನೋಡಿದ್ದೀರಿ. ಇದರ ಬಳಗಕ್ಕೆ ಬತ್ತಲೆ ಕಿವಿರಿನವು ಅಂತಲೇ ಹೆಸರು, ಹಲವಕ್ಕೆ ಬೆನ್ನಿನ ಮೇಲೆ ಹೂವಿನಂತೆ ಕಿವಿರು ಅರಳಿರುತ್ತದೆ. ಫಿಲಿಡಿಯಾಕ್ಕೆ ಮಾತ್ರ ಹೊಟ್ಟೆಯ ಕೆಳಗೆ, ಮೈಯ ಅಂಚಿಗೂ ಪಾದಕ್ಕೂ ನಡುವಿನ ಸಂದಿಯಲ್ಲಿ ಸಾಲಾಗಿ ಎಲೆ ಎಲೆಯಾಗಿ ಇರುತ್ತದೆ. ಸೀರೆಯ ನೆರಿಗೆ ಒಳಗಿದ್ದ ಹಾಗೆ. ಮೇಲಿನಿಂದ ತೆಗೆದ ಫೋಟೊದಲ್ಲಿ ಕಾಣುವುದಿಲ್ಲ.

ನಾನು ಫರ್ಸಿ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕಲ್ಲು ಹಿಂದೆ ಸಮುದ್ರದ ತಳ ಇತ್ತು ಅಂತ ಇಂಜಿನಿಯರ್ ಒಬ್ಬರು ಹೇಳಿದರು. ಹಂಗಾದ್ರ ಈ ಹುಳುವಿನ ಗುರುತು ಕಲ್ಲಿನ್ಯಾಗ ಸಿಗಬಹುದಾ?
— ಶಹಾಬಾದ್

ಅಣ್ಣಾ, ಈ ಸಲದ ಪತ್ರಗಳಲ್ಲಿ ನಿಮ್ಮದನ್ನೇ ಎರಡು ಸಲ ಓದಿದೆ. ಇಂಜಿನಿಯರ್ ಹೇಳಿದ್ದು ಸರಿ. ಭೀಮಾ ತೀರದ ಈ ಸುಣ್ಣದಕಲ್ಲು ಆಳವಿಲ್ಲದ ಸಮುದ್ರದಲ್ಲಿ ಪದರ ಪದರವಾಗಿ ಕೂತ ಕೆಸರು. ನೀವು ಉಳಿ ಹಾಕಿ ಎಬ್ಬಿಸಿದರೆ ಹಪ್ಪಳದ ಹಾಗೆ ಹಾಳೆ ಹಾಳೆಯಾಗಿ ಏಳುವುದು ಅದಕ್ಕೇ. ಸೇಡಂ ಕಡೆಯ ಸಿಮೆಂಟೂ ಅದರಿಂದಲೇ. ಕಲಬುರಗಿಯವರು ಸಮುದ್ರ ನೋಡಿಲ್ಲ ಅಂತಾರೆ, ದಿನಾ ಅದರ ಮೇಲೇ ತಟ್ಟೆ ಇಟ್ಟುಕೊಂಡು ಉಣ್ಣುತ್ತಾರೆ.

ಆದರೆ ಹುಳು ಸಿಗುವುದಿಲ್ಲ. ಚಿಪ್ಪಿನ ಪ್ರಾಣಿಗಳು ಲೋಕಕ್ಕೆ ಬಂದದ್ದು ಸುಮಾರು 54 ಕೋಟಿ ವರ್ಷದ ಹಿಂದೆ. ನಿಮ್ಮ ಕಲ್ಲು ಅದಕ್ಕಿಂತ ಬಹಳ ಹಳೆಯದು. ಆ ಸಮುದ್ರದಲ್ಲಿ ಮೀನಿಲ್ಲ, ಏಡಿ ಇಲ್ಲ, ಹವಳವೂ ಇಲ್ಲ. ಇದ್ದದ್ದು ಹೆಚ್ಚಾಗಿ ಕಣ್ಣಿಗೆ ಕಾಣದ ಪಾಚಿಯಂಥ ಜೀವಗಳು. ಅದು ಹೋಗಲಿ, ಹೊಸ ಕಲ್ಲಿನಲ್ಲೂ ಈ ಹುಳುವಿನ ಗುರುತು ಸಿಗುವುದು ಕಷ್ಟವೇ. ಚಿಪ್ಪಿಲ್ಲ, ಎಲುಬಿಲ್ಲ, ಹಲ್ಲೂ ಇಲ್ಲ. ಸತ್ತರೆ ಬೇಗ ಕೊಳೆತು ಹೋಗುತ್ತದೆ.

ಅದಕ್ಕೆ ತನ್ನ ಬಣ್ಣ ಚೆಂದ ಅದ ಅಂತ ಗೊತ್ತಾ?
— ನಾಲ್ಕನೇ ಕ್ಲಾಸು, ಸುರಪುರ (ಅಕ್ಷರ ಅಪ್ಪನದು, ಪ್ರಶ್ನೆ ನನ್ನದು ಅಂತ ಬರೆದಿದ್ದಾಳೆ)

ಇಲ್ಲ ಪುಟ್ಟಿ. ಅದಕ್ಕೆ ಕಣ್ಣು ಇದೆ, ಆದರೆ ಸಾಸಿವೆಗಿಂತ ಚಿಕ್ಕದು, ಚರ್ಮದ ಒಳಗೆ ಹುದುಗಿದೆ. ಬೆಳಕು ಬಂತು, ಕತ್ತಲಾಯಿತು, ಅಷ್ಟೇ ತಿಳಿಯುತ್ತದೆ. ಹಳದಿಯೂ ಕಾಣಲ್ಲ, ನೀಲಿಯೂ ಕಾಣಲ್ಲ. ಇನ್ನೊಂದು ಹುಳುವನ್ನು ಹುಡುಕುವುದು, ಸ್ಪಂಜನ್ನು ಹುಡುಕುವುದು ಎಲ್ಲ ವಾಸನೆಯಿಂದ. ಮುಂದೆ ಎರಡು ಹಳದಿ ಕೊಂಬು ಇದೆಯಲ್ಲ, ಅದೇ ಅದರ ಮೂಗು. ಏನಾದರೂ ತಾಗಿದರೆ ಸರಕ್ಕನೆ ಒಳಗೆ ಎಳೆದುಕೊಳ್ಳುತ್ತದೆ, ಆಮೇಲೆ ಮೆಲ್ಲಗೆ ಒಂದೊಂದಾಗಿ ಹೊರಗೆ ಚಾಚುತ್ತದೆ.

ನಿಮ್ಮ ಮನೆ ಹತ್ತಿರದ ಎಕ್ಕೆ ಗಿಡದಲ್ಲಿ ಮಿಡತೆ ಸಿಕ್ಕರೆ ನೋಡು, ಮುಟ್ಟಬೇಡ. ಅದರ ಚಿತ್ರ ಬರೆದು ಕಳಿಸು. ಈ ಸಲ ಅಕ್ಷರವೂ ನಿನ್ನದೇ ಇರಲಿ.